ಕಾರಿಗೆ ಪೆಟ್ರೋಲ್-ಟೈಮಿಂಗ್ ಡಯಲ್ ಹಾಕ್ಸಬೇಕೋ ಬ್ಯಾಡೋ? ಗದಗದ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಂದು 2012 ಮಾಡೆಲ್ 1200 ಸಿಸಿ ಪೆಟ್ರೋಲ್ ಕಾರು, ಕೆಎ-26 ಪಾಸಿಂಗ್. ಗದಗದಾಗ ಮೊಬೈಲ್ ರಿಪೇರಿ ಅಂಗಡಿ ಐತಿ, ವಾರಕ್ಕ ಎರಡು ಸಲ ಹುಬ್ಬಳ್ಳಿಗೆ ಸಾಮಾನು ತರಾಕ ಹೋಗ್ತೀನಿ, ಹೆಂಡ್ತಿ ತವರುಮನಿ ಅಂಕೋಲಾ, ಹಂಗಾಗಿ ಅರಬೈಲ್ ಘಾಟೂ ಆಗಾಗ ಆಗ್ತೈತಿ. ಮೊದಲ ಲೀಟರಿಗೆ 16 ಕೊಡ್ತಿತ್ತು, ಈಗ 13 ಬಂದ್ರ ಹೆಚ್ಚು. ಘಾಟ್ ಹತ್ತುವಾಗ ಇಂಜಿನ್ನಿನ್ಯಾಗ ಕಟಕಟ ಸೌಂಡು, ಪಿಕಪ್ಪೂ ಇಲ್ಲ. ಎಲ್ಲಾರೂ ಇ20 (20 ಪರ್ಸೆಂಟ್ ಎಥನಾಲ್ ಬೆರಸಿದ) ಪೆಟ್ರೋಲ್ ಬಂದಾಗಿಂದ ಹಿಂಗ ಅಂತಾರ. ಹುಬ್ಬಳ್ಯಾಗ ಒಬ್ರು ಸ್ಟೀರಿಂಗ್ ಕೆಳಗ ಎರಡು ಡಯಲ್ ಇರೂ ಡಬ್ಬಿ ಹಾಕಿ ಕೊಡ್ತೀನಿ, ಒಂದು ಪೆಟ್ರೋಲಿಗೆ ಒಂದು ಟೈಮಿಂಗಿಗೆ, ಘಾಟ್ ಬಂದಾಗ ಏರ್ಸು ಹೈವೇನ್ಯಾಗ ಇಳ್ಸು ಅಂತ ಹೇಳಿ 9,000 ರೂಪಾಯಿ ಕೇಳ್ಯಾರ. ನನಗ ಸೋಲ್ಡರಿಂಗ್ ಬರ್ತೈತಿ, ಒಳಗ ಏನೈತಿ ಗೊತ್ತಾದ್ರ ನಾನ ಮಾಡ್ಕೊಳ್ಳಬಹುದಾ? ಇಂಜಿನ್ನಿಗೆ ಏನರ ಆಗ್ತೈತಾ? ಆರ್‌ಟಿಒ ತಂಟೆ ಬರ್ತೈತಾ?

ಉತ್ತರ: ನಮಸ್ಕಾರ್ರಿ. ಮೊದಲ ನೇರ ಹೇಳಿಬಿಡ್ತೀನಿ, ಈ ಗಾಡಿಗೆ ಆ ಡಬ್ಬಿ ಹಾಕ್ಸಬ್ಯಾಡ್ರಿ, ನೀವ ಮಾಡ್ಕೊಳ್ಳೂದೂ ಬ್ಯಾಡ. ಬ್ಯಾಡ ಅಂತಷ್ಟ ಹೇಳಿ ಕೈ ತೊಳಕೊಂಡ್ರ ನಿಮ್ಮ ಕಟಕಟ ಸೌಂಡು ಹಂಗ ಉಳಿತೈತಿ, ಅದಕ್ಕ ಕಾರಣ ಪೂರ್ತಿ ಬರೀತೀನಿ, ನೀವು ಮಲ್ಟಿಮೀಟರ್ ಹಿಡಿಯೂ ಮನಷಾ ಇರೋದ್ರಿಂದ ವೋಲ್ಟೇಜ್ ಲೆಕ್ಕದಾಗ ಹೇಳಿದ್ರ ನಿಮಗ ಲಗೂ ತಿಳಿತೈತಿ. ನಿಮ್ಮ ಪತ್ರದಾಗ ಎರಡು ಬ್ಯಾರೆ ಬ್ಯಾರೆ ಸಂಗತಿ ಒಂದಕ್ಕೊಂದು ಸಿಕ್ಕೊಂಡಾವ. ಗಾಡ್ಯಾಗ ಏನೋ ದೋಷ ಐತಿ, ಅದು ಒಂದು. ಆ ದೋಷ ಡಯಲ್ ತಿರುವಿದ್ರ ಹೋಗ್ತೈತಿ ಅನ್ನೂದು ಇನ್ನೊಂದು. ಮೊದಲನೇದು ಖರೇ. ಎರಡನೇದು ಖರೇ ಅಲ್ಲ.

ಡಯಲ್ ಅನ್ನೂ ವಿಚಾರ ಮೂಲದಾಗ ತಪ್ಪಲ್ಲ ಮತ್ತ. 1908ರಾಗ ಬಂದ ಫೋರ್ಡ್ ಮಾಡೆಲ್ ಟಿ ಗಾಡ್ಯಾಗ ಸ್ಟೀರಿಂಗ್ ಚಕ್ರದ ಕೆಳಗ ಎಡಕ್ಕ ಒಂದು ಲಿವರ್ ಇತ್ತು, ಅದು ಸ್ಪಾರ್ಕ್ ಟೈಮಿಂಗಿನದು, ಅಂದ್ರ ಪ್ಲಗ್ ಯಾವ ಹೊತ್ತಿಗೆ ಕಿಡಿ ಹೊಡಿಬೇಕು ಅನ್ನೂದರದು, ಬಲಕ್ಕಿಂದು ಆಕ್ಸಿಲರೇಟರು, ಡ್ಯಾಶಿನ ಕಡೆ ಕಾರ್ಬರೇಟರ್ ತಿರುವೂ ಗುಂಡಿ. ನಮ್ಮ ಕಡೆ ಪದ್ಮಿನಿ, ಅಂಬಾಸಿಡರ್, ಹಳೇ ಕಾರ್ಬರೇಟರ್ 800 ಓಡಿಸಿದವ್ರಿಗೆ ಚೋಕ್ ಎಳಿಯೂದು ಗೊತ್ತೈತಿ, ಅದೂ ಕೈಲೆ ಪೆಟ್ರೋಲ್ ಹೆಚ್ಚು ಮಾಡೂದ. ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲ ಮಾಡಿ, ಸೌಂಡ್ ಕೇಳ್ಕೋತ ಒಂಚೂರು ಆ ಕಡೆ ಒಂಚೂರು ಈ ಕಡೆ ತಿರುವಿ ಟೈಮಿಂಗ್ ಕೂಡ್ಸೂ ಹಿರೇ ಮೆಕ್ಯಾನಿಕ್ಕರು ಹುಬ್ಬಳ್ಯಾಗ ಇವತ್ತಿಗೂ ಅದಾರ, ಅವರ ಕಿವಿಗೆ ನನ್ನ ಕೈ ಮುಗಿತೀನಿ. ಆದ್ರ ಆ ಗುಂಡಿ ಡ್ಯಾಶ್‌ಬೋರ್ಡ್ ಬಿಟ್ಟು ಹೋಗಿದ್ದು ಮನಷಾನ ಕೈಗೆ ಆ ವೇಗ ಇಲ್ಲ ಅಂತ. 3000 ಆರ್‌ಪಿಎಂನ್ಯಾಗ ನಾಲ್ಕು ಸಿಲಿಂಡರ್ ಇಂಜಿನ್ ಸೆಕೆಂಡಿಗೆ 100 ಸಲ ಸ್ಪಾರ್ಕ್ ಹೊಡಿತೈತಿ, ಪ್ರತಿ ಸ್ಪಾರ್ಕಿಗೂ ಆ ಹೊತ್ತಿನ ಲೋಡ್ ಎಷ್ಟು, ಒಳಗ ಬರೂ ಗಾಳಿ ಎಷ್ಟು ಬಿಸಿ, ಕೂಲಂಟ್ ಎಷ್ಟು ಬಿಸಿ ಅಂತ ನೋಡಿ ಇಸಿಯು, ಅಂದ್ರ ಇಂಜಿನ್ ನಡಸೂ ಕಂಪ್ಯೂಟರ್, ಟೈಮಿಂಗ್ ಬದಲಿ ಮಾಡ್ತೈತಿ. ಅದರ ಒಳಗ ಒಂದು ದೊಡ್ಡ ಕೋಷ್ಟಕ ಇರ್ತೈತಿ, ಅಡ್ಡಕ್ಕ ಆರ್‌ಪಿಎಂ, ಉದ್ದಕ್ಕ ಲೋಡ್, ಪ್ರತಿ ಖಾನೆಗೂ ಬ್ಯಾರೆ ನಂಬರ್. ನಿಮ್ಮ ಡಯಲ್ ಆ ಇಡೀ ಕೋಷ್ಟಕಕ್ಕ ಒಂದ ನಂಬರ್ ಕೂಡ್ಸ್ತೈತಿ ಇಲ್ಲಾ ಕಳಿತೈತಿ, ಒಂದು ಖಾನ್ಯಾಗ ಅದು ಸರಿ ಬಂದ್ರ ಉಳಿದ ಖಾನ್ಯಾಗೆಲ್ಲಾ ತಪ್ಪು.

ಘಾಟ್ ಮ್ಯಾಲೆ-ಕೆಳಗ ಹೋದಂಗ ಗಾಳಿ ಬದಲಾಗ್ತೈತಿ, ಅದಕ್ಕ ಡಯಲ್ ಬೇಕು ಅಂತ ಕೆಲವ್ರು ಹೇಳ್ತಾರ. ಗಾಳಿ ಬದಲಾಗೂದು ಖರೇ ಐತ್ರಿ, ನಮ್ಮ ಹುಬ್ಬಳ್ಳಿ ಕಡೆ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರ, ಅಂಕೋಲಾಕ್ಕ ಹೋಲಿಸಿದ್ರ ಗಾಳಿ ಒತ್ತಡ 7-8 ಪರ್ಸೆಂಟ್ ಕಡಿಮಿ. ಕಾರ್ಬರೇಟರ್ ಗಾಡಿಗೆ ಇದು ತಿಳೀತಿರಲಿಲ್ಲ, ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಹಾಕೂ) ಗಾಡಿ ಒತ್ತಡಾನೂ ಅಳದು ಪೆಟ್ರೋಲ್ ತಾನ ಕಡಿಮಿ-ಹೆಚ್ಚು ಮಾಡ್ಕೋತೈತಿ. ಸಣ್ಣ ಪಿಸ್ಟನ್ ವಿಮಾನದಾಗ ಇನ್ನೂ ಕೈಲೆ ಮಿಕ್ಸ್ಚರ್ ಹಿಡಿಕಿ ಇರ್ತೈತಿ, ಅಲ್ಲೆ ಎತ್ತರ ಸಾವಿರಗಟ್ಟಲೆ ಅಡಿ ಬದಲಾಗ್ತೈತಿ, ಪೈಲಟ್ಟಿಗೆ ಅದರದ ಟ್ರೇನಿಂಗೂ ಆಗಿರ್ತೈತಿ. ಕಾರಿಗೆ ಆ ಲೆಕ್ಕ ಬರೂದಿಲ್ಲ.

ಈಗ ಇ20 ಮಾತು. ಇದರ ಮ್ಯಾಲೆ ಎಲ್ಲಾ ತಪ್ಪೂ ಹೊರಸೂದು ಒಂದು ರೂಢಿ ಆಗಿಬಿಟ್ಟೈತಿ, ಸ್ವಲ್ಪ ಲೆಕ್ಕ ಮಾಡೋಣ. ಎಥನಾಲ್‌ನ್ಯಾಗ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಾಗ ಒಂದು ಪಾಲು ಕಡಿಮಿ, 20 ಪರ್ಸೆಂಟ್ ಬೆರಸಿದ್ರ ಲೀಟರಿಗೆ 6-7 ಪರ್ಸೆಂಟ್ ಶಕ್ತಿ ಹೋಗ್ತೈತಿ. 2021ರಾಗ ನೀತಿ ಆಯೋಗದ ಎಥನಾಲ್ ರೋಡ್‌ಮ್ಯಾಪ್ ವರದಿನೂ ಹಳೇ ನಾಲ್ಕು ಚಕ್ರದ ಗಾಡಿಗೆ 6-7 ಪರ್ಸೆಂಟ್ ಮೈಲೇಜ್ ಕಡಿಮಿ ಆಗ್ತೈತಿ ಅಂತನ ಹೇಳೈತಿ. ನಿಮ್ಮ 16ರಾಗ 7 ಪರ್ಸೆಂಟ್ ಕಳದ್ರ ಸುಮಾರು 14.9 ಬರಬೇಕು. ನಿಮಗ ಬರೂದು 13. ಅಂದ್ರ ಒಂದು ಕಿಲೋಮೀಟರ್ ಪೆಟ್ರೋಲಿನ ಲೆಕ್ಕಕ್ಕ ಹಾಕ್ರಿ, ಉಳಿದ ಎರಡು ಕಿಲೋಮೀಟರ್ ನಿಮ್ಮ ಗಾಡ್ಯಾಗ ಎಲ್ಲೋ ಸೋರಿ ಹೊಂಟೈತಿ, ಅದನ್ನ ಹುಡುಕಬೇಕು.

ಕಟಕಟ ಸೌಂಡಿಂದೂ ಹಂಗ. ಅದು ನಾಕಿಂಗ್, ಸ್ಪಾರ್ಕ್ ಹಚ್ಚಿದ ಬೆಂಕಿ ಮುಟ್ಟೂದಕ್ಕಿಂತ ಮೊದಲ ಮೂಲ್ಯಾಗಿನ ಮಿಶ್ರಣ ಬಿಸಿಗೆ ತಾನ ಹೊತ್ಕೊಂಡು ಸಿಡಿಯೂದು. ಇ20ಗೆ ಆಕ್ಟೇನ್ (ನಾಕಿಂಗ್ ತಡಕೊಳ್ಳೂ ಗುಣದ ಅಳತಿ) 95ರ ಆಸುಪಾಸು, ಮೊದಲಿನ ಸಾದಾ ಪೆಟ್ರೋಲಿಗೆ 91 ಇತ್ತು, ಮ್ಯಾಲೆ ಎಥನಾಲ್ ಆವಿ ಆಗುವಾಗ ಸಿಲಿಂಡರಿನ ಒಳಗಿನ ಬಿಸಿನೂ ಎಳಕೋತೈತಿ, ಹಂಗಾಗಿ ನ್ಯಾಯವಾಗಿ ನಾಕಿಂಗ್ ಕಡಿಮಿ ಆಗಬೇಕು. ಹೆಚ್ಚಾಗೈತಿ ಅಂದ್ರ ನನ್ನ ಸಂಶೆ ಎಲ್ಲಿ ಹೋಗ್ತೈತಿ ಅಂದ್ರ, ಇಂಜಿನ್ನಿಗೆ ಲೋಡ್ ಬಂದಾಗ ಬೇಕಾದಷ್ಟು ಪೆಟ್ರೋಲ್ ಮುಟ್ಟವಲ್ದು. ಸಾದಾ ಪೆಟ್ರೋಲಿಗೆ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಸಾಕು, ಇ20ಗೆ ಸುಮಾರು 13.5ಕ್ಕೆ 1 ಬೇಕು, ಅಂದ್ರ ಅದ ಗಾಳಿಗೆ 8 ಪರ್ಸೆಂಟಿನಷ್ಟು ಹೆಚ್ಚಿಗೆ ಪೆಟ್ರೋಲ್. ಪಂಪು, ಫಿಲ್ಟರು, ಇಂಜೆಕ್ಟರು ಗಟ್ಟಿ ಇದ್ದ ಗಾಡ್ಯಾಗ ಆಕ್ಸಿಜನ್ ಸೆನ್ಸರ್ (ಹೊಗ್ಯಾಗ ಉಳದ ಆಕ್ಸಿಜನ್ ಅಳಿಯೂದು) ನೋಡಿ ಇಸಿಯು ಇದನ್ನ ತಾನ ಕೊಡ್ತೈತಿ, ನಿಮ್ಮ ಡಯಲ್ ಮಾಡ್ತೀನಿ ಅನ್ನೂ ಕೆಲಸ ಅದು ಆಗಲೇ ಮಾಡಾಕತ್ತೈತಿ. ಆದ್ರ ಪಂಪ್ ಮೊದಲ ಸೋತಿದ್ರ, ಇಂಜೆಕ್ಟರ್ ಬಾಯಾಗ ಕಸ ಕಟ್ಟಿದ್ರ, ಇಸಿಯು ಎಷ್ಟು ಕೂಗಿದ್ರೂ ಪೆಟ್ರೋಲ್ ಬರೂದಿಲ್ಲ, ಘಾಟಿನ್ಯಾಗ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮಿ ಬಿದ್ದು ಒಳಗ ಬಿಸಿ ಏರ್ತೈತಿ. ಕಾರ್ಬನ್ ಕಟ್ಟಿದ ಪಿಸ್ಟನ್, ತಪ್ಪು ಹೀಟ್ ರೇಂಜಿನ ಪ್ಲಗ್ಗು, ಅರ್ಧ ಮುಚ್ಚಿದ ರೇಡಿಯೇಟರ್, ಇವೂ ಅದ ಸೌಂಡ್ ಕೊಡ್ತಾವ. ಇದಕ್ಕೆಲ್ಲಾ ಡಯಲ್ ಏನು ಮಾಡೀತು?

ಟೈಮಿಂಗಿನ ವಿಷಯದಾಗ ಹೆಚ್ಚು ಮಂದಿಗೆ ತಪ್ಪು ತಿಳುವಳಿಕಿ ಐತಿ, ಅಡ್ವಾನ್ಸ್ ಮಾಡಿದಷ್ಟೂ, ಅಂದ್ರ ಸ್ಪಾರ್ಕ್ ಲಗೂ ಹೊಡಿಸಿದಷ್ಟೂ ಪವರ್ ಅಂತ. ಪಂಚಮಿ ಜೋಕಾಲಿ ತೂಗಿದವ್ರಿಗೆ ಗೊತ್ತೈತಿ, ಜೀಕು ಹಿಂದ ಬಂದು ತುದಿ ಮುಟ್ಟಿ ತಿರುಗೂ ಹೊತ್ತಿಗೆ ಕೈ ಹಚ್ಚಿದ್ರ ಮ್ಯಾಲೆ ಹೋಗ್ತೈತಿ, ಇನ್ನೂ ನಿಮ್ಮ ಕಡೆ ಬರುವಾಗಲೇ ತಳ್ಳಿದ್ರ ಕೈಗೆ ಪೆಟ್ಟು, ಜೋಕಾಲಿನೂ ನಿಲ್ತೈತಿ. ಪೆಟ್ರೋಲ್ ಉರಿಯಾಕ ಸ್ವಲ್ಪ ವ್ಯಾಳೆ ಬೇಕು, ಅದಕ್ಕ ಪಿಸ್ಟನ್ ಮ್ಯಾಲೆ ಮುಟ್ಟೂದಕ್ಕಿಂತ ಮೊದಲ ಸ್ಪಾರ್ಕ್ ಕೊಡ್ತಾರ, ಲೆಕ್ಕ ಏನಂದ್ರ ಒತ್ತಡ ಪೂರ್ತಿ ಏರೂದು ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಕೆಳಗ ಇಳದಾಗ ಆಗಬೇಕು. ಅದಕ್ಕಿಂತ ಅಡ್ವಾನ್ಸ್ ಮಾಡಿದ್ರ ಪವರ್ ಏರೂದಿಲ್ಲ, ಏರಿ ಬರೂ ಪಿಸ್ಟನ್ ತಲಿಮ್ಯಾಲೆ ಹೊಡದಂಗ ಆಗ್ತೈತಿ, ನಾಕಿಂಗ್ ಶುರು. ರಿಟಾರ್ಡ್ ಮಾಡಿದ್ರ, ಅಂದ್ರ ಸ್ಪಾರ್ಕ್ ತಡ ಮಾಡಿದ್ರ ನಾಕಿಂಗ್ ಕಡಿಮಿ, ಆದ್ರ ಬೆಂಕಿ ಉರಿಯೂದು ಮುಗಿಯೂದ್ರೊಳಗ ಎಕ್ಸಾಸ್ಟ್ ವಾಲ್ವ್ ತೆರಿತೈತಿ, ವಾಲ್ವು, ಮ್ಯಾನಿಫೋಲ್ಡು, ಕ್ಯಾಟಲಿಟಿಕ್ ಕನ್ವರ್ಟರು ಎಲ್ಲಾ ಕೆಂಪಗ ಕಾಯ್ತಾವ, ಮೈಲೇಜೂ ಹೋಗ್ತೈತಿ.

ಇನ್ನ ಆ ಡಬ್ಬಿ ಒಳಗ ಏನಿರ್ತೈತಿ. ನಮ್ಮ ಶೆಡ್ಡಿಗೆ ಬಂದ ಗಾಡಿಯೊಳಗಿಂದ ಇಂಥವು ಬಿಚ್ಚಿ ನೋಡೀನಿ, ಬ್ಯಾರೆ ಬ್ಯಾರೆ ಹೆಸರು ಇದ್ರೂ ಒಳಗ ಮೂರು-ನಾಲ್ಕು ಜಾತಿ ಅಷ್ಟ.

ಅಗ್ಗದ ಜಾತಿ ಅಂದ್ರ ಕೂಲಂಟ್ ಸೆನ್ಸರ್ ವೈರ್ ಕಟ್ ಮಾಡಿ ನಡುವ ಒಂದು ಪೊಟೆನ್ಶಿಯೋಮೀಟರ್ (ತಿರುವಿ ರೆಸಿಸ್ಟೆನ್ಸ್ ಬದಲಿ ಮಾಡೂ ಗುಂಡಿ) ಹಾಕೂದು. ಆ ಸೆನ್ಸರ್ ಒಂದು ಥರ್ಮಿಸ್ಟರ್, ತಂಪಿದ್ರ ರೆಸಿಸ್ಟೆನ್ಸ್ ಹೆಚ್ಚು, 20 ಡಿಗ್ರಿಗೆ ಎರಡೂವರಿ ಕಿಲೋ ಓಮ್ ಆಸುಪಾಸು, 80 ಡಿಗ್ರಿಗೆ 300 ಓಮ್ ಅಂದಾಜು. ಡಯಲ್ ತಿರುವಿ ಸಾಲಾಗಿ ರೆಸಿಸ್ಟೆನ್ಸ್ ಕೂಡ್ಸಿದ್ರ ಇಸಿಯು ಇಂಜಿನ್ ಇನ್ನೂ ತಣ್ಣಗೈತಿ ಅಂತ ತಿಳಕೊಂಡು ಪೆಟ್ರೋಲ್ ಹೆಚ್ಚು ಬಿಡ್ತೈತಿ, ಪಿಕಪ್ ಬಂದಂಗ ಅನಸ್ತೈತಿ. ಆದ್ರ ಈ ಕಾಲದ ಭಾಳ ಗಾಡ್ಯಾಗ ರೇಡಿಯೇಟರ್ ಫ್ಯಾನ್ ಚಾಲೂ ಮಾಡೂದೂ ಅದ ಇಸಿಯು, ಅದ ಸೆನ್ಸರ್ ನೋಡಿ. ನಿಮ್ಮ ಡಯಲ್ 95 ಡಿಗ್ರಿ ಇದ್ದದ್ದನ್ನ 70 ಅಂತ ತೋರ್ಸಾಕತ್ರ ಫ್ಯಾನ್ ತಿರುಗೂದ ಇಲ್ಲ. ಅರಬೈಲ್ ಘಾಟಿನ ತಿರುವಿನ್ಯಾಗ ಲಾರಿ ಹಿಂದ ಸಿಕ್ಕೊಂಡು, ಮನಿಮಂದಿ ಕೂಡ ಫಸ್ಟ್ ಗೇರಿನ್ಯಾಗ ಹತ್ತುವಾಗ ಫ್ಯಾನ್ ಇಲ್ಲಂದ್ರ ಹೆಡ್ ಗ್ಯಾಸ್ಕೆಟ್ ಹೋಗಾಕ ಭಾಳ ಹೊತ್ತು ಬೇಕಾಗಿಲ್ಲ, ಮೀಟರಿನ ಮುಳ್ಳೂ ಅದ ಸೆನ್ಸರಿನ ಲೆಕ್ಕ ತೋರಸ್ತಿದ್ರ ನಿಮಗ ಸುಳಿವೂ ಸಿಗೂದಿಲ್ಲ.

ಎರಡನೇ ಜಾತಿ ಇಂಟೇಕಿನ ಮ್ಯಾಪ್ ಸೆನ್ಸರಿನ (ಒಳಗ ಹೋಗೂ ಗಾಳಿ ಒತ್ತಡ ಅಳಿಯೂದರ) ಸಿಗ್ನಲ್ ತಿದ್ದೂದು. ಅದು 5 ವೋಲ್ಟಿನ ಸೆನ್ಸರ್, ಐಡಲ್‌ನ್ಯಾಗ ಒಂದು-ಒಂದೂವರಿ ವೋಲ್ಟ್, ಫುಲ್ ಥ್ರಾಟಲ್‌ನ್ಯಾಗ ನಾಲ್ಕರ ಹತ್ರ ಬರ್ತೈತಿ. ಮೈಲೇಜಿನ ಕಡೆ ಡಯಲ್ ತಿರುವಿದ್ರ ಆ ವೋಲ್ಟೇಜ್ ಕಡಿಮಿ ಮಾಡ್ತಾರ, ಇಸಿಯು ಲೋಡ್ ಕಡಿಮಿ ಐತಿ ಅಂದ್ಕೊಂಡು ಪೆಟ್ರೋಲ್ ಇಳಸ್ತೈತಿ. ಇಲ್ಲೇ ನೋಡ್ರಿ ಖರೇ ಅಪಾಯ ಇರೂದು. ಕಡಿಮಿ ಲೋಡಿಗೆ ಟೈಮಿಂಗ್ ಹೆಚ್ಚು ಅಡ್ವಾನ್ಸ್ ಇಡಬೇಕು ಅಂತ ಕೋಷ್ಟಕದಾಗ ಬರದೈತಿ, ಹಂಗಾಗಿ ನೀವು ತಿರುವಿದ್ದು ಪೆಟ್ರೋಲ್ ಡಯಲ್ ಒಂದ ಆದ್ರೂ ಟೈಮಿಂಗೂ ಜೊತಿಗೆ ಮುಂದ ಓಡ್ತೈತಿ. ಪೆಟ್ರೋಲ್ ಕಡಿಮಿ, ಟೈಮಿಂಗ್ ಅಡ್ವಾನ್ಸ್, ಖರೇ ಲೋಡ್ ಪೂರ್ತಿ, ಇವು ಮೂರೂ ಕೂಡಿದ್ರ ಪಿಸ್ಟನ್ ಉಳಿಯೂದಿಲ್ಲ. ಇಂಥ ಇಂಜಿನ್ ಬಿಚ್ಚಿದಾಗ ಪ್ಲಗ್ಗಿನ ಬಿಳೇ ಪಿಂಗಾಣಿ ಮ್ಯಾಲೆ ಸಾಸಿವಿಗಿಂತ ಸಣ್ಣ ಬೂದಿ ಬಣ್ಣದ ಹೊಳಿಯೂ ಚುಕ್ಕಿ ಕಾಣ್ತಾವ, ಅವು ಪ್ಲಗ್ಗಿನವಲ್ಲ, ಪಿಸ್ಟನ್ ತಲಿಯಿಂದ ಕರಗಿ ಹಾರಿ ಬಂದ ಅಲ್ಯೂಮಿನಿಯಂ. ಪಿಸ್ಟನ್ ರಿಂಗ್ ಕೂಡೂ ಕೊರಕಲುಗಳ ನಡುವಿನ ಅಂಚು, ಅಂದ್ರ ರಿಂಗ್ ಲ್ಯಾಂಡ್, ಬೆರಳಿಲೆ ಮುಟ್ಟಿದ್ರ ತುಂಡಾಗಿ ಕೈಗೆ ಬರ್ತೈತಿ. ಅಲ್ಲಿ ತನಕ ಹೋದ ಮ್ಯಾಲೆ 9,000ದ ಮಾತಲ್ಲ, ಇಂಜಿನ್ ಪೂರ್ತಿ ಬಿಚ್ಚಬೇಕು, ಹಳೇ ಗಾಡಿಗೆ ಅಷ್ಟು ರೊಕ್ಕ ಹಾಕಬೇಕೋ ಬ್ಯಾಡೋ ಅನ್ನೂ ಪರಿಸ್ಥಿತಿ ಬರ್ತೈತಿ.

ಟೈಮಿಂಗ್ ಡಯಲ್ ಅಂತ ಖರೇನ ಕೆಲಸ ಮಾಡೂ ಡಬ್ಬಿ, ಪಿಸ್ಟನ್ ಎಲ್ಲಿ ಐತಿ ಅಂತ ಇಸಿಯುಗೆ ಹೇಳೂ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ನಡುವ ಹಿಡದು ಹಿಂದ-ಮುಂದ ಮಾಡ್ತೈತಿ. ಸಿಎನ್‌ಜಿ ಗಾಡಿಗೆ ಹಾಕೂ ಟೈಮಿಂಗ್ ಅಡ್ವಾನ್ಸ್ ಪ್ರೊಸೆಸರ್ ಇದ ಕುಲದ್ದು, ಅಲ್ಲೆ ಅದಕ್ಕ ಅರ್ಥ ಐತಿ, ಗ್ಯಾಸ್ ನಿಧಾನ ಉರಿತೈತಿ ಅಂತ ಗ್ಯಾಸ್ ಮ್ಯಾಲೆ ಓಡುವಾಗಷ್ಟ ಗೊತ್ತಾದ ಡಿಗ್ರಿ ಮುಂದ ಮಾಡ್ತೈತಿ, ಪೆಟ್ರೋಲಿಗೆ ಬಂದ ಕೂಡ್ಲೆ ಬಿಡ್ತೈತಿ. ನಿಮ್ಮ ಪೆಟ್ರೋಲ್ ಗಾಡ್ಯಾಗ ಅದನ್ನ ಕೈಲೆ ತಿರುವಿದ್ರ ಕ್ಯಾಮ್ ಸೆನ್ಸರ್ ಒಂದು ಹೇಳ್ತೈತಿ ಕ್ರ್ಯಾಂಕ್ ಸೆನ್ಸರ್ ಇನ್ನೊಂದು ಹೇಳ್ತೈತಿ, ಚೆಕ್ ಲೈಟ್ ಹತ್ತತೈತಿ, ಆ ಕನೆಕ್ಷನ್ ಸಡಿಲ ಆದ್ರ ಹೈವೇ ನಡುವ ಇಂಜಿನ್ ಬಂದ್.

ಇನ್ನೊಂದು ಜಾತಿ ಐತಿ, ಒಳಗ ಬರೇ ಎಲ್‌ಇಡಿ ಮತ್ತ ಕೆಪಾಸಿಟರ್ ಇರೂದು. ಅದರಿಂದ ಲುಕ್ಸಾನ್ ರೊಕ್ಕದ್ದಷ್ಟ.

ಹಾಕ್ಸಿಕೊಂಡವ್ರು "ಇಲ್ರಿ, ಎರಡು ದಿನ ಗಾಡಿ ಮಸ್ತ್ ಓಡಿತು" ಅಂತ ಹೇಳ್ತಾರ, ಅವ್ರು ಸುಳ್ಳು ಹೇಳೂದಿಲ್ಲ. ಸಾವಕಾಶ ಓಡಿಸುವಾಗ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವ ಆಡ್ಕೋತ ಪೆಟ್ರೋಲ್ ಹೆಚ್ಚಾತೋ ಕಡಿಮಿ ಆತೋ ಅಂತ ಇಸಿಯುಗೆ ಹೇಳ್ತಾನ ಇರ್ತೈತಿ. ನೀವು ಡಯಲ್ ತಿರುವಿ 8 ಪರ್ಸೆಂಟ್ ಹೆಚ್ಚು ಮಾಡಿದ್ರ ಇಸಿಯು ಮೊದಲ ಸ್ವಲ್ಪ ಹೊತ್ತಿನ್ಯಾಗ, ಆಮ್ಯಾಲೆ ಕಾಯಂ ನೆನಪಿನ್ಯಾಗ ಆ 8 ಪರ್ಸೆಂಟ್ ವಾಪಸ್ ಕಳೀತೈತಿ, ಹಂಗಾಗಿ ಎರಡು-ಮೂರು ದಿನಕ್ಕ ಮಜಾ ಹೋಗ್ತೈತಿ. ಆದ್ರ ಕಾಲು ಪೂರ್ತಿ ಒತ್ತಿದಾಗ ಇಸಿಯು ಆ ಸೆನ್ಸರ್ ಮಾತು ಕೇಳೂದು ಬಿಟ್ಟು ಕೋಷ್ಟಕ ಮತ್ತ ತಾನು ಕಲ್ತ ತಿದ್ದುಪಡಿ ನೋಡಿ ಪೆಟ್ರೋಲ್ ಹಾಕ್ತೈತಿ. ಸಾದಾ ರಸ್ತ್ಯಾಗ ಡಯಲ್ ಏರ್ಸಿ ಓಡಿಸಿ, ಇಸಿಯುಗೆ ಕಳೀ ಅಂತ ಕಲಿಸಿ, ಘಾಟಿನ ಬುಡದಾಗ ಡಯಲ್ ಇಳಿಸಿದ್ರಿ ಅನ್ನಕೊಳ್ರಿ, ಎರಡೂ ಕಡಿತ ಕೂಡಿ ಬೀಳ್ತಾವ. ಡಯಲ್ ಬೇಕಾದಲ್ಲಿ ಕೆಲಸ ಮಾಡೂದಿಲ್ಲ, ಬ್ಯಾಡಾದಲ್ಲಿ ಪೂರ್ತಿ ಕೆಲಸ ಮಾಡ್ತೈತಿ, ನನ್ನ ತಕರಾರು ಇದ.

ನೀವ ಮಾಡ್ಕೊಳ್ಳೂದರ ಬಗ್ಗೆ ಕೇಳೀರಿ. ಸರ್ಕ್ಯೂಟ್ ನಿಮಗ ಕಷ್ಟ ಏನಲ್ಲ, ಒಂದು ತಾಸಿನ ಕೆಲಸ. ಆದ್ರ ಪೊಟೆನ್ಶಿಯೋಮೀಟರಿನ ಕಾರ್ಬನ್ ಪಟ್ಟಿ ಸವದು ನಡುವಿನ ಕಾಲು ಒಂದು ಕ್ಷಣ ಎದ್ದ್ರ ಏನಾಗ್ತೈತಿ ಅಂತ ನಿಮಗ ನಾನು ಹೇಳಬೇಕಾಗಿಲ್ಲ. ಬೆಂಚ್ ಮ್ಯಾಲೆ ಅದು ಗರಗರ ಸೌಂಡು ಅಷ್ಟ, ಗಾಡ್ಯಾಗ ಸೆನ್ಸರ್ ಲೈನ್ ಓಪನ್ ಆದಂಗ, ಓವರ್‌ಟೇಕ್ ಮಾಡುವಾಗ ಇಂಜಿನ್ ಗಕ್ಕನ ಸೋತು ಬಿಡ್ತೈತಿ. ಅಣ್ಣಿಗೇರಿ ದಾಟಿ ಎದರ ಟಿಪ್ಪರ್ ಬರುವಾಗ ಆ ಒಂದು ಕ್ಷಣ ಭಾಳ ದೊಡ್ಡದು. ಡಯಲ್ ತಿರುವಾಕ ಕಣ್ಣು ರಸ್ತೆ ಬಿಡ್ತೈತಿ, ಅದೂ ಐತಿ.

ಕಾಯ್ದೆ ಮಾತು ಸಣ್ಣದಾಗಿ ಹೇಳ್ತೀನಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬ್ಯಾರೆ ಆಗೂ ಹಂಗ ಗಾಡಿ ಮಾರ್ಪಾಡು ಮಾಡಬಾರದು. ಡ್ಯಾಶ್ ಕೆಳಗಿನ ಡಬ್ಬಿ ರಸ್ತ್ಯಾಗ ಯಾರಿಗೂ ಕಾಣಲಿಕ್ಕಿಲ್ಲ. ಸಿಗೂದು ಹೊಗೆ ತಪಾಸಣ್ಯಾಗ. ಬಿಎಸ್-4 (ಭಾರತ್ ಸ್ಟೇಜ್ ಹೊಗೆ ನಿಯಮದ ನಾಲ್ಕನೇ ಹಂತ) ಪೆಟ್ರೋಲ್ ಕಾರಿಗೆ ಐಡಲ್‌ನ್ಯಾಗ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ, ಡಯಲ್ ಏರ್ಸಿದ ಗಾಡಿ ಇದನ್ನ ಮೀರಬಹುದು. ಮಿತಿ ಮೀರಿದ್ರ 10,000 ರೂಪಾಯಿ ತನಕ ದಂಡ ಐತಿ. ನಿಮ್ಮ ಗಾಡಿಗೆ 2027ರಾಗ 15 ವರ್ಷ ತುಂಬ್ತಾವ, ಆರ್‌ಸಿ ರಿನ್ಯೂವಲ್ಲಿಗೆ ಗದಗ ಆರ್‌ಟಿಒದಾಗ ಫಿಟ್‌ನೆಸ್ ತೋರಸಬೇಕು, ಆಗ ಕತ್ತರಿಸಿ ಜೋಡಿಸಿದ ವೈರಿಂಗ್ ನಿಮಗ ತಲಿನೋವು. ವೈರಿಂಗಿನಿಂದ ಬೆಂಕಿ ಹತ್ತಿದ್ರ ವಿಮೆದವ್ರು ಮೊದಲ ಹುಡುಕೂದೂ ಇಂಥ ಜೋಡಣಿನ.

ಇಷ್ಟು ಹೇಳಿದ ಮ್ಯಾಲೂ ನಿಮಗ ಡಯಲ್ ಮ್ಯಾಲಿನ ಆಸೆ ಉಳದೈತಿ ಅಂದ್ರ ಅದಕ್ಕೂ ಸರಿಯಾದ ದಾರಿ ಅದಾವ. ಒಂದು, ಹಳೇ ಕಾರ್ಬರೇಟರ್ ಗಾಡಿ ತಗೊಂಡು ಕಲೀರಿ, ಮಿಕ್ಸ್ಚರ್ ಸ್ಕ್ರೂ, ಡಿಸ್ಟ್ರಿಬ್ಯೂಟರ್, ಟೈಮಿಂಗ್ ಲೈಟ್, ಅದರಷ್ಟು ಚಂದ ಇಂಜಿನ್ ಕಲಿಸೂ ಗುರು ಇನ್ನೊಂದಿಲ್ಲ. ಇನ್ನೊಂದು, ಟ್ರ್ಯಾಕ್ ಮ್ಯಾಲಷ್ಟ ಓಡಿಸೂ ಗಾಡಿ ಇದ್ರ ಪ್ರೋಗ್ರಾಂ ಮಾಡೂ ಇಸಿಯು, ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತ ಅದರ ಮೀಟರ್, ಡೈನೋ (ಇಂಜಿನ್ ಪವರ್ ಅಳಿಯೂ ಯಂತ್ರ) ಮ್ಯಾಲೆ ಟ್ಯೂನಿಂಗ್, ಅದರಾಗ ಟ್ರಿಮ್ ಡಯಲ್ ಇಡ್ತಾರ, ಅದನ್ನೂ ಟ್ಯೂನ್ ಮಾಡೂ ಮನಷಾ 4-5 ಪರ್ಸೆಂಟ್ ಮೀರದಂಗ ಕಟ್ಟಿ ಹಾಕಿರ್ತಾನ. ಮಿಶ್ರಣ ಅಳಿಯೂ ಮೀಟರ್ ಇಲ್ಲದ ಡಯಲ್ ಅಂದ್ರ ಕತ್ತಲ್ಯಾಗ ಕೈಯಾಡ್ಸೂದು. ದಿನಾ ಓಡಿಸೂ ಮನಿ ಗಾಡಿಗೆ ಇವೆರಡೂ ಬ್ಯಾಡ.

ಈಗ ನಿಮ್ಮ ಗಾಡಿಗೆ ಏನು ಮಾಡಬೇಕು ಅನ್ನೂದು. ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಇಸಿಯು ಒಳಗಿನ ನಂಬರ್ ಓದೂ ಸಾಧನ) ಒಂದು ತರ್ಸಿರಿ, ಫೋನಿನ್ಯಾಗ ಆ್ಯಪ್ ಹಾಕ್ರಿ, ನಿಮಗ ಇದು ಆಟ ಇದ್ದಂಗ. ಇಂಜಿನ್ ಪೂರ್ತಿ ಬಿಸಿ ಆದ ಮ್ಯಾಲೆ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್, ಅಂದ್ರ ಇಸಿಯು ಪೆಟ್ರೋಲ್ ಎಷ್ಟು ಪರ್ಸೆಂಟ್ ಕೂಡ್ಸೈತಿ ಇಲ್ಲಾ ಕಳದೈತಿ ಅನ್ನೂ ನಂಬರ್ ಐಡಲ್‌ನ್ಯಾಗ ನೋಡ್ರಿ, ಆಮ್ಯಾಲೆ 2500 ಆರ್‌ಪಿಎಂ ಹಿಡದು ನೋಡ್ರಿ, ಮುಂದ ಒಬ್ರನ್ನ ಕೂಡ್ಸಿಕೊಂಡು ಸಣ್ಣ ಏರಿನ್ಯಾಗ ನೋಡ್ರಿ. ಇ20 ಮ್ಯಾಲೆ 5ರಿಂದ 8 ಕೂಡಿದ್ರ ಹೆದರೂ ಕಾರಣ ಇಲ್ಲ. ಐಡಲ್‌ನ್ಯಾಗ ಭಾಳ ಹೆಚ್ಚಿದ್ದು ಆರ್‌ಪಿಎಂ ಏರಿದಂಗ ಇಳದ್ರ ಎಲ್ಲೋ ವ್ಯಾಕ್ಯೂಮ್ ಪೈಪ್ ಸೀಳಿ ಗಾಳಿ ಎಳ್ಯಾಕತ್ತೈತಿ, ಹತ್ತು-ಇಪ್ಪತ್ತು ರೂಪಾಯಿ ರಬ್ಬರ್ ಪೈಪಿನ ಕೆಲಸ. ಐಡಲ್‌ನ್ಯಾಗ ಸರಿ ಇದ್ದು ಲೋಡ್ ಬಿದ್ದಾಗ 15, 20 ಅಂತ ಏರಿದ್ರ ಪಂಪು, ಫಿಲ್ಟರು ಇಲ್ಲಾ ಇಂಜೆಕ್ಟರು, ಆಗ ಗೇಜ್ ಹಚ್ಚಿ ಫ್ಯುಯಲ್ ಪ್ರೆಶರ್ ನೋಡಸ್ರಿ. ನಿಮ್ಮ ಘಾಟಿನ ಸೌಂಡ್ ಕೇಳಿದ್ರ ನನ್ನ ಅಂದಾಜು ಈ ಕಡೆನ ಐತಿ. ಕೂಲಂಟ್ 80 ಡಿಗ್ರಿ ಮುಟ್ಟದ ಓಡಾಕತ್ರ ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೂ ತನಕ ಕೂಲಂಟ್ ತಡಿಯೂ ವಾಲ್ವು) ತೆರಕೊಂಡ ಕೂತೈತಿ, ಕೆಲವು ಕಡೆ ಓವರ್‌ಹೀಟ್ ಆಗ್ತೈತಿ ಅಂತ ಥರ್ಮೋಸ್ಟಾಟ್ ಕಿತ್ತ ಒಗದಿರ್ತಾರ, ಅದರಿಂದ ಮೈಲೇಜ್ ಸುಮ್ಮನ ಹೋಗ್ತೈತಿ. ಅದರ ಜೊತಿಗೆ ನಾಲ್ಕೂ ಪ್ಲಗ್ ತಗದು ನೋಡ್ರಿ, ಗಾಡಿ ಓಡಿಸಿ ಬಂದ ಮ್ಯಾಲೆ ನಾಲ್ಕು ಚಕ್ರದ ಡ್ರಮ್ಮು-ಡಿಸ್ಕಿನ ಹತ್ರ ಕೈ ಹಿಡೀರಿ, ಮುಟ್ಟಬ್ಯಾಡ್ರಿ, ಒಂದ ಕಡೆ ಬಿಸಿ ಹೆಚ್ಚು ಹೊಡದ್ರ ಬ್ರೇಕ್ ಹಿಡಕೊಂಡೈತಿ.

ಅಲ್ಲಿ ತನಕ ಘಾಟಿನ್ಯಾಗ ಕಟಕಟ ಬಂದ್ರ ಕಾಲು ಒತ್ತೂದು ಬಿಟ್ಟು ಒಂದು ಗೇರ್ ಇಳಿಸಿರಿ. ಕಡಿಮಿ ಆರ್‌ಪಿಎಂ ಮ್ಯಾಲೆ ಮೂರನೇ ಗೇರಿನ್ಯಾಗ ಎಳಸಿದ್ರ ನಾಕಿಂಗ್ ಹೆಚ್ಚು, ಎರಡನೇ ಗೇರಿಗೆ ಇಂಜಿನ್ ಸೌಂಡ್ ಏರಿದ್ರೂ ಪಿಸ್ಟನ್ನಿಗೆ ಅದು ಹಗುರ. ಸೌಂಡ್ ಬರ್ತಿದ್ದಂಗ ಎಸಿ ಬಂದ್ ಮಾಡ್ರಿ.

ಟ್ರಿಮ್ಮಿನ ಮೂರು ನಂಬರ್, ಬಿಸಿ ಆದಾಗಿನ ಕೂಲಂಟ್ ಡಿಗ್ರಿ, ಪ್ಲಗ್ಗಿನ ತುದಿ ಹತ್ರದಿಂದ ಹಿಡದ ಫೋಟೋ, ಇಷ್ಟು ಕಳಸ್ರಿ. ಯಾವ ಪಾರ್ಟ್ ಬದಲಿ ಮಾಡಬೇಕು, ಯಾವುದು ಸಾಫ್ ಮಾಡಿದ್ರ ಸಾಕು ಅಂತ ಅದನ್ನ ನೋಡಿ ಹೇಳ್ತೀನಿ. ಅಲ್ಲಿವರೆಗೂ ಆ 9,000 ಕೊಡಬ್ಯಾಡ್ರಿ, ಪಂಪು ಅಥವಾ ಇಂಜೆಕ್ಟರ್ ಸರ್ವಿಸಿಗೆ ಬೇಕಾಗಬಹುದು.